ಮೂರು ರೆಕ್ಕೆ, ಎರಡು ಮೇಜು

ವಿಚಿಟಾ, ಕಾನ್ಸಸ್
ಮಾರ್ಚ್ 1, 1999

ನಿಸ್ಲಿ ವರ್ಕ್‌ಶಾಪಿನವರಿಗೆ,

ನನ್ನ ರಾಕೆಟ್ಟಿಗೆ ಮೂರು ರೆಕ್ಕೆ ಬೇಕಾಗಿವೆ. ನಕ್ಷೆ ಇದರ ಜೊತೆಗಿದೆ. ಗಾಜುನಾರಿನ, ಅಂದರೆ ಫೈಬರ್‌ಗ್ಲಾಸಿನ, ಹಲಗೆಯಲ್ಲಿ ಕತ್ತರಿಸಬೇಕು. ಗಾಳಿಗೆ ಎದುರಾಗುವ ಅಂಚನ್ನು ಎರಡೂ ಮಗ್ಗುಲಿಗೆ ಓರೆಯಾಗಿ ತೆಗೆಯಬೇಕು. ಕೊಳವೆಯಲ್ಲಿ ಸೀಳು ಬಿಟ್ಟಿದ್ದೇನೆ, ರೆಕ್ಕೆಯ ಬುಡ ಅದರೊಳಗೆ ಬಿಗಿಯಾಗಿ ಕೂರಬೇಕು.

ರಾಕೆಟ್ ಏತಕ್ಕೆಂದು ಕೊಳ್ಳುವವರೇ ಕೈಬರಹದಲ್ಲಿ ಬರೆದುಕೊಡಬೇಕು, ಇಲ್ಲದಿದ್ದರೆ ನೀವು ಕೆಲಸ ಮುಟ್ಟುವುದಿಲ್ಲ ಎಂದು ನಮ್ಮ ರಾಕೆಟ್ ಕ್ಲಬ್ಬಿನವರು ಹೇಳಿದರು. ಬರೆದಿದ್ದೇನೆ: ಇದು ಹವ್ಯಾಸದ ರಾಕೆಟ್. ಒಂದು ಮೈಲಿ ಮೇಲೆ ಹೋಗಿ, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿದು ಬರುತ್ತದೆ. ಯಾರ ಮೇಲೂ ಬೀಳಿಸುವುದಕ್ಕಲ್ಲ.

ಚೆಕ್ ಇಟ್ಟಿದ್ದೇನೆ.

ಎಲ್ಡನ್ ನಿಸ್ಲಿ


ಪ್ಲಮ್ ಕ್ರೀಕ್, ಕಾನ್ಸಸ್
ಮಾರ್ಚ್ 8, 1999

ಎಲ್ಡನ್ ಅಣ್ಣಾ,

ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಚೆಕ್ಕನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಕೋಪದಿಂದಲ್ಲ.

ಹನ್ನೆರಡು ವರ್ಷದ ಮೇಲೆ ನಿನ್ನ ಕಾಗದ ಬಂತು, ಅದೂ "ವರ್ಕ್‌ಶಾಪಿನವರಿಗೆ" ಎಂದು! ವರ್ಕ್‌ಶಾಪಿನವರು ಅಂದರೆ ಇಲ್ಲಿ ನಾನೊಬ್ಬಳೇ. ಅಪ್ಪ ಹೋದ ಮೇಲೆ ನೇಗಿಲು, ಬಿತ್ತನೆ ಯಂತ್ರ ರಿಪೇರಿಗೆ ತರುವವರು ಕಡಿಮೆಯಾದರು. ಒಂದು ದಿನ ರಾಕೆಟ್ ಹಾರಿಸುವವನೊಬ್ಬ ಮುರಿದ ರೆಕ್ಕೆ ಹಿಡಿದುಕೊಂಡು ಬಂದು, "ಇಂಥದ್ದೇ ಒಂದು ಮಾಡಿಕೊಡ್ತೀರಾ ಅಕ್ಕಾ?" ಅಂದ. ಲೋಹ ಕೊರೆಯುವ ಅಪ್ಪನ ಮಿಲ್ಲಿಂಗ್ ಯಂತ್ರದಲ್ಲಿ ಮಾಡಿಕೊಟ್ಟೆ. ಅವನು ಹತ್ತು ಜನಕ್ಕೆ ಹೇಳಿದ. ಈಗ ಟೆಕ್ಸಸ್ಸಿನಿಂದ, ನೆವಾಡಾದಿಂದ ಕಾಗದ ಬರುತ್ತವೆ. ಏತಕ್ಕೆಂದು ಬರೆಸಿಕೊಳ್ಳುವ ನಿಯಮ ನಮ್ಮ ಚರ್ಚಿನ ಸಭೆಗೆ ಹಿರಿಯರಾಗಿರುವ ಪೆರಿಯವರು ಹಾಕಿದ್ದು. ಯಾಕೆ ಹಾಕಿದರೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧಕ್ಕೆ ಕೈ ಹಾಕಬಾರದು ಎಂದು ದೀಕ್ಷಾಸ್ನಾನದ ದಿನ ಮಾತು ಕೊಟ್ಟ ಮನೆಯಿಂದಲೇ ಒಬ್ಬ ಕ್ಷಿಪಣಿಗಳಿಗೆ ರೆಕ್ಕೆ ಕತ್ತರಿಸಲು ಹೋದ, ಅದಕ್ಕೆ.

ನಿನ್ನ ಕಾಗದ ತೆಗೆದುಕೊಂಡು ಪೆರಿಯವರ ಹತ್ತಿರ ಹೋದೆ. ಹಸುವಿನ ಕೊಟ್ಟಿಗೆಯಲ್ಲಿದ್ದರು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಯಾರ ಮೇಲೂ ಬೀಳಿಸೋಕಲ್ಲ ಅಂತ ಬರೆದಿದಾನಲ್ಲ."

"ಬರೆದಿದಾನೆ ಹಿರಿಯರೇ."

"ಈ ಮಾತು ಇಪ್ಪತ್ತಾರು ವರ್ಷದ ಹಿಂದೆ ಬರೆದಿದ್ರೆ ನಾವು ಅವನನ್ನ ಸಭೆಯಿಂದ ಹೊರಗಿಡ್ತಾನೇ ಇರಲಿಲ್ಲ. ಆಮೇಲೂ ದಾರಿ ತೆರೆದೇ ಇತ್ತಲ್ಲಮ್ಮ. ಬಂದು ಮಂಡಿಯೂರಿ ತಪ್ಪಾಯ್ತು ಅಂದಿದ್ರೆ ಮುಗೀತಿತ್ತು."

"ರೆಕ್ಕೆ ಮಾಡಿಕೊಡಲೋ ಬೇಡವೋ ಹೇಳಿ."

"ಕೊಡೋದಕ್ಕೆ ಯಾರೂ ಬೇಡ ಅಂದಿಲ್ಲ. ಹಸಿದಿದ್ರೆ ರೊಟ್ಟಿ ಕೊಡು, ಚಳಿಯಾದ್ರೆ ಕಂಬಳಿ ಕೊಡು. ಅವನ ಕೈಯಿಂದ ಮಾತ್ರ ಏನೂ ತಗೋಬೇಡ. ಅವನ ಜೊತೆ ಒಂದೇ ಮೇಜಿನಲ್ಲಿ ಉಣ್ಣಬೇಡ. ನಿಂಗೆ ಗೊತ್ತಿರೋದೇ."

ಆದ್ದರಿಂದ ಮಾರಲಾರೆ ಅಣ್ಣಾ. ಸುಮ್ಮನೆ ಮಾಡಿಕೊಡಬಲ್ಲೆ. ಹೂಂ ಅನ್ನು, ಹಲಗೆ ಮನೆಯಲ್ಲೇ ಇದೆ.

ಎರಡು ಮಾತು ಕೇಳಬೇಕು. ನೀನು ಇಪ್ಪತ್ತೆರಡು ವರ್ಷ ಕತ್ತರಿಸಿದ್ದೂ ರೆಕ್ಕೆಯನ್ನೇ. ನನ್ನಿಂದ ಯಾಕೆ? ಮತ್ತೆ, ನಿನ್ನ ಅಕ್ಷರ ಯಾಕೆ ಹೀಗಾಗಿದೆ? ಶಾಲೆಯಲ್ಲಿ ನಿನ್ನ ಕೈಬರಹ ತೋರಿಸಿ ನನಗೆ ಬೈಯುತ್ತಿದ್ದರು.

ಅಮ್ಮನಿಗೆ ಎಂಬತ್ತೊಂದು. ಕಣ್ಣು ಬೆಳಕು-ಕತ್ತಲೆಯಷ್ಟೇ ಹೇಳುತ್ತದೆ. ಕಾಗದ ಬಂದಾಗ ಒಣ ಹುರುಳಿಕಾಯಿ ಬಿಡಿಸುತ್ತಿದ್ದಳು. "ಯಾರದೇ?" ಅಂದಳು. "ರಾಕೆಟ್ಟಿನವರದಮ್ಮ." "ಎಲ್ಲಿಯವರು?" "ವಿಚಿಟಾ." ಹುರುಳಿಕಾಯಿ ಬಿಡಿಸುತ್ತಿದ್ದ ಕೈ ನಿಂತುಬಿಟ್ಟಿತು.

ನಿನ್ನ ತಂಗಿ
ತಿರ್ಜಾ


ವಿಚಿಟಾ
ಮಾರ್ಚ್ 19, 1999

ತಿರ್ಜಾ,

ಬಿಟ್ಟಿ ರೆಕ್ಕೆ ನನಗೆ ಬೇಡ. ಕೊಡುವವರು ಯಾವಾಗಲೂ ನೀವು, ಕೈಚಾಚುವವನು ಯಾವಾಗಲೂ ನಾನು. ಇದನ್ನು ನಿಮ್ಮಲ್ಲಿ ಪ್ರೀತಿ ಅನ್ನುತ್ತೀರಿ, ಇಲ್ಲಿ ಊರಲ್ಲಿ ಭಿಕ್ಷೆ ಅನ್ನುತ್ತಾರೆ.

ಅಪ್ಪನ ಮಣ್ಣಿನ ದಿನ ನನಗೆ ಊಟ ಹೇಗೆ ಬಡಿಸಿದಿರಿ ಎನ್ನುವುದು ನೆನಪಿದೆ. ಬಟ್ಟೆ ಒಗೆಯುವ ಯಂತ್ರದ ಪಕ್ಕ ಒಂದು ಪುಟ್ಟ ಮೇಜು. ಹತ್ತು ಹೆಜ್ಜೆ ಆಚೆ ನೀವೆಲ್ಲ.

ನಕ್ಷೆ ವಾಪಸು ಕಳಿಸು. ಬೇರೆಯವರ ಹತ್ತಿರ ಮಾಡಿಸುತ್ತೇನೆ.

ಎಲ್ಡನ್


ಪ್ಲಮ್ ಕ್ರೀಕ್
ಏಪ್ರಿಲ್ 26, 1999

ಅಣ್ಣಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಈಸ್ಟರ್ ಕಳೆಯಿತು. ನಾವು ಒಬ್ಬರ ಕಾಲು ಒಬ್ಬರು ತೊಳೆಯುವ ದಿನ, ಮುದುಕಿ ಬಾರ್ಬ್ರಾಳ ಕಾಲು ತೊಳೆಯುತ್ತ ನನ್ನ ಮನಸ್ಸಿನಲ್ಲಿ ಒಂದು ಸುಳ್ಳು ಕೂತಿರುವುದು ಗೊತ್ತಾಯಿತು. ಅದನ್ನು ತೆಗೆದು ಇಲ್ಲಿ ಇಡುತ್ತೇನೆ.

ಹತ್ತು ಹೆಜ್ಜೆ ಅಂದೆಯಲ್ಲ, ಅದನ್ನು ಇಟ್ಟವರು ಸಭೆಯವರಲ್ಲ. ನಾನು.

ಆ ದಿನ ಬೆಳಿಗ್ಗೆ ಪೆರಿಯವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಎಲ್ಡನ್ ಬರ್ತಾನೆ. ಎರಡು ಮೇಜು ಜೋಡ್ಸು, ನಡುವೆ ಒಂದು ಕೈಯಗಲ ಜಾಗ ಬಿಡು. ಮೇಲೆ ಒಂದೇ ಬಟ್ಟೆ ಹಾಸಿಬಿಡು. ಕೆಳಗೆ ಎರಡು ಮೇಜು, ಮೇಲೆ ನೋಡೋರಿಗೆ ಒಂದು. ನಮ್ಮಮ್ಮನ ಕಾಲದಿಂದ ಹಿಂಗೇ ಮಾಡ್ಕೊಂಡು ಬಂದಿದೀವಿ. ದೇವ್ರು ಬಗ್ಗಿ ನೋಡಲ್ಲ."

ಅಮ್ಮ ಮದುವೆಗೆ ನೇಯಿಸಿದ್ದ ಆ ಉದ್ದದ ಬಿಳಿ ಬಟ್ಟೆ ಪೆಟ್ಟಿಗೆಯಲ್ಲಿತ್ತು. ತೆಗೆದೆ, ಹಾಸಿದೆ. ಆಮೇಲೆ ನನಗೆ ಭಯವಾಯಿತು. ದೇವರು ಬಗ್ಗಿ ನೋಡುತ್ತಾನೆ ಅನ್ನಿಸಿತು. ಅಪ್ಪ ಇನ್ನೂ ಶವಪೆಟ್ಟಿಗೆಯಲ್ಲಿ ಮಲಗಿದ್ದಾನೆ, ನಾನು ಅವನ ಮನೆಯಲ್ಲಿ ಸಭೆಗೆ ಮೋಸ ಮಾಡುತ್ತಿದ್ದೇನೆ ಅನ್ನಿಸಿತು. ಬಟ್ಟೆಯನ್ನು ಮಡಿಸಿ ಒಳಗಿಟ್ಟೆ. ಪುಟ್ಟ ಮೇಜನ್ನು ಆಚೆ ಎಳೆದೆ, ಅದಕ್ಕೊಂದು ಬೇರೆ ಬಟ್ಟೆ ಹಾಸಿದೆ. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಒಳ್ಳೆಯವಳಾಗಲು ಹೋದೆ.

ನೀನು ಬಂದೆ, ಎರಡು ಬಟ್ಟೆ ನೋಡಿದೆ, ಟೊಪ್ಪಿ ತೆಗೆದುಕೊಂಡು ಹೊರಟೆ. ಅಮ್ಮ ಬಡಿಸಿದ್ದ ತಟ್ಟೆ ಹಾಗೇ ಇತ್ತು.

ಮುಂದಿನ ವಾರ ಅಮ್ಮ ಆ ಉದ್ದದ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು, ಕತ್ತರಿಸಿ, ಪಾತ್ರೆ ಒರೆಸುವ ತುಂಡುಗಳನ್ನು ಮಾಡಿದಳು. ಹದಿನಾಲ್ಕು. ಒಂದೊಂದಕ್ಕೂ ಅಂಚು ಹೊಲಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ಹನ್ನೆರಡು ವರ್ಷದಿಂದ ಅದರಲ್ಲೇ ತಟ್ಟೆ ಒರೆಸುತ್ತಿದ್ದೇನೆ.

ನನ್ನನ್ನು ಕ್ಷಮಿಸು. ಕ್ಷಮಿಸಲು ಆಗದಿದ್ದರೆ, ಅಮ್ಮ ಇರುವಷ್ಟರಲ್ಲಿ ಒಂದು ಸಲ ಬಂದು ಅವಳ ಅಡುಗೆ ಉಂಡು ಹೋಗು. ನನಗೆ ಈ ಭೂಮಿಯ ಮೇಲೆ ಬೇರೆ ಆಸೆ ಉಳಿದಿಲ್ಲ.

ನಕ್ಷೆಯನ್ನು ವಾಪಸು ಕಳಿಸಿಲ್ಲ. ಯಂತ್ರದ ಮೇಲಿನ ಗೋಡೆಗೆ ಚುಚ್ಚಿಟ್ಟಿದ್ದೇನೆ.

ತಿರ್ಜಾ


ವಿಚಿಟಾ
ಜೂನ್ 13, 1999

ತಂಗೀ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಏಳು ವಾರ ತಿರುಗಿದೆ. ಇಷ್ಟು ವರ್ಷ ನಾನು ಪೆರಿಯನ್ನು ಬೈದುಕೊಂಡಿದ್ದೆ. ಅವನಿಗೊಂದು ಕ್ಷಮೆ ಬಾಕಿ ಇದೆ, ಆದರೆ ಅವನಿಗೆ ಹೇಳಬೇಡ, ಉಬ್ಬಿಹೋಗುತ್ತಾನೆ.

ನಿನ್ನ ಪ್ರಶ್ನೆಗೆ ಉತ್ತರ. ನನ್ನ ಕೈ ನಡುಗುತ್ತದೆ. ಎರಡು ವರ್ಷವಾಯಿತು. ಬಲಗೈ ಹೆಚ್ಚು. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಕಾಫಿ ಚೆಲ್ಲದೆ ಕುಡಿಯುವಷ್ಟು ನಿಲ್ಲುತ್ತದೆ. ಅಂಚು ತೆಗೆಯುವಷ್ಟು ನಿಲ್ಲುವುದಿಲ್ಲ. ಈ ಕಾಗದ ಬರೆಯಲು ಒಂದು ಭಾನುವಾರ ಬೇಕಾಯಿತು.

ನಿನ್ನಿಂದಲೇ ಯಾಕೆ ಎನ್ನುವುದು ಉಳಿಯಿತು. ಕಾರ್ಖಾನೆಯಲ್ಲಿ ನಾನು ಕತ್ತರಿಸಿದ ರೆಕ್ಕೆಗಳನ್ನು ಪೆಟ್ಟಿಗೆಗೆ ತುಂಬಿ ಒಯ್ಯುತ್ತಿದ್ದರು. ಎಲ್ಲಿಗೆ ಅಂತ ಕೇಳುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಒಂದು ರೆಕ್ಕೆಯೂ ತಿರುಗಿ ಬರಲಿಲ್ಲ ತಿರ್ಜಾ. ಬರುವುದಕ್ಕೆ ಮಾಡಿದ್ದೇ ಅಲ್ಲ ಅವು. ಕೆಲಸ ಬಿಟ್ಟ ಮೇಲೆ ಒಂದು ದಿನ ಈ ಕ್ಲಬ್ಬಿನವರು ಹಾರಿಸುವುದನ್ನು ನೋಡಿದೆ. ಮೇಲೆ ಹೋಯಿತು, ಛತ್ರಿ ಬಿಚ್ಚಿತು, ಮೆಲ್ಲಗೆ ಇಳಿಯಿತು. ಒಬ್ಬ ಮುದುಕ ಹೊಲದಲ್ಲಿ ಓಡಿ ಹೋಗಿ ಅದನ್ನು ತಬ್ಬಿಕೊಂಡು ಬಂದ. ನಾನು ಕಾರಿನಲ್ಲಿ ಕೂತು ಅತ್ತೆ.

ವಾಪಸು ಬರುವಂಥದ್ದು ಒಂದನ್ನು ಹಾರಿಸಬೇಕು. ಅದರ ರೆಕ್ಕೆ ಅಪ್ಪನ ಯಂತ್ರದ ಮೇಲೆ ಕತ್ತರಿಸಿದ್ದಾಗಿರಬೇಕು. ಇಷ್ಟೇ.

ಬಿಟ್ಟಿಯಾದರೂ ಆಗಲಿ, ಕಳಿಸು. ಮೂರನ್ನೂ ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ಕತ್ತರಿಸುತ್ತೀಯ ತಾನೆ, ಅಪ್ಪ ಮಾಡುತ್ತಿದ್ದ ಹಾಗೆ?

ಎಲ್ಡನ್


ಪ್ಲಮ್ ಕ್ರೀಕ್
ಆಗಸ್ಟ್ 17, 1999

ಅಣ್ಣಾ,

ಗೋಧಿ ಕೊಯ್ಲು ಮುಗಿಯುವ ತನಕ ಕೂರಲು ಆಗಲಿಲ್ಲ. ರೆಕ್ಕೆಗಳು ಈ ಪೆಟ್ಟಿಗೆಯಲ್ಲಿವೆ. ಮೂರನ್ನೂ ಒಟ್ಟಿಗೆ ಬಿಗಿದೇ ಕತ್ತರಿಸಿದೆ. ನನಗೆ ಕಲಿಸಿದವನೂ ಅದೇ ಅಪ್ಪನೇ.

ಈ ಗಾಜುನಾರಿನ ಧೂಳು ನಿನಗೆ ಗೊತ್ತಲ್ಲ. ಎಷ್ಟು ನೀರು ಬಿಟ್ಟರೂ ತೋಳಿಗೆ ಹತ್ತಿ ವಾರವೆಲ್ಲ ಕೆರೆತ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದೆ, ಟೊಪ್ಪಿಗೆಯ ಮೇಲೆ ಇನ್ನೊಂದು ಬಟ್ಟೆ. ಅಮ್ಮ ಬಾಗಿಲಿಗೆ ಬಂದು, "ದಿನಾ ಒಂದು ಗಂಟೆಗೆ ಯಂತ್ರದ ಎಂಜಿನ್ ನಿಲ್ಸಿಬಿಡ್ತಿದ್ದೆ, ಇವತ್ತು ಯಾರ ರೆಕ್ಕೆನೇ ಇಷ್ಟು ಹೊತ್ತು?" ಅಂದಳು.

ಸುಳ್ಳು ಹೇಳಲಾಗಲಿಲ್ಲ. "ಎಲ್ಡನ್‌ದಮ್ಮ" ಅಂದೆ.

ಇಪ್ಪತ್ತಾರು ವರ್ಷದಲ್ಲಿ ಆ ಹೆಸರು ನಾನು ಅವಳೆದುರು ಅಂದಿದ್ದು ಮೊದಲ ಸಲ. ಅವಳು ತಡಕಾಡಿಕೊಂಡು ಒಳಗೆ ಬಂದು, "ಕೊಡು ಇಲ್ಲಿ" ಅಂದಳು. ಒಂದು ರೆಕ್ಕೆಯನ್ನು ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಅಂಚನ್ನು ಸವರುತ್ತ ಸವರುತ್ತ, "ಇಲ್ಲಿ ಒಂಚೂರು ತರಿ ಇದೆ" ಅಂದಳು. ನನಗೆ ಕಂಡಿರಲಿಲ್ಲ. ನುಣ್ಣಗೆ ಉಜ್ಜಿ ಮತ್ತೆ ಕೊಟ್ಟೆ. "ಈಗ ಕಳ್ಸು" ಅಂದಳು.

ನಿಮ್ಮ ಕ್ಲಬ್ಬಿನವರು ಅಕ್ಟೋಬರ್ ಒಂಬತ್ತಕ್ಕೆ ನಮ್ಮ ಮನೆಯ ದಕ್ಷಿಣಕ್ಕಿರುವ ಯುಟ್ಸಿಯವರ ಹೊಲದಲ್ಲಿ ಹಾರಿಸುತ್ತಾರಂತೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಆ ಶನಿವಾರ ಕೋಳಿ ಬೇಯಿಸಿ, ಅಮ್ಮನ ಶಾವಿಗೆ ಮಾಡುತ್ತೇನೆ. ಎರಡು ಮೇಜು ಇಡಲೇಬೇಕು, ಅದನ್ನು ನಾನು ಬದಲಿಸಲಾರೆ. ಆದರೆ ನಡುವೆ ಒಂದು ಕೈಯಗಲಕ್ಕಿಂತ ಒಂದು ದಾರದಷ್ಟೂ ಹೆಚ್ಚು ಬಿಡುವುದಿಲ್ಲ.

ಬರುತ್ತೀಯಾ?

ತಿರ್ಜಾ


ವಿಚಿಟಾ
ಸೆಪ್ಟೆಂಬರ್ 24, 1999

ತಿರ್ಜಾ,

ರೆಕ್ಕೆ ಕೂರಿಸಿದೆ. ಸೀಳಿನೊಳಗೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿದವು. ಕಾರ್ಖಾನೆಯಲ್ಲಿ ಇಷ್ಟು ಚೆನ್ನಾಗಿ ಕತ್ತರಿಸುವವರು ನನ್ನನ್ನು ಬಿಟ್ಟರೆ ಇಬ್ಬರಿದ್ದರು. ತರಿ ಇದ್ದ ಅಂಚು ಯಾವುದೆಂದು ಹುಡುಕಿದೆ. ಸಿಗಲಿಲ್ಲ. ಮೂರನ್ನೂ ಸವರಿದೆ.

ಒಂಬತ್ತಕ್ಕೆ ಬಂದು ಹಾರಿಸುತ್ತೇನೆ. ಊಟಕ್ಕೆ ಬರುತ್ತೇನೆಂದು ಮಾತು ಕೊಡಲಾರೆ. ಬಾಗಿಲಿನ ತನಕ ಬಂದು, ಎರಡು ಬಟ್ಟೆ ಕಂಡರೆ, ಈ ಸಲ ಟೊಪ್ಪಿ ತೆಗೆದುಕೊಂಡು ಹೊರಡುವ ಶಕ್ತಿಯೂ ನನಗಿಲ್ಲ. ಉದ್ದದ ಬಟ್ಟೆ ಈಗ ಮನೆಯಲ್ಲಿಲ್ಲ ಎಂದು ನೀನೇ ಬರೆದಿದ್ದೀಯ. ಹೊಸದು ಕೊಂಡು ತರಲು ನಾನು ಹೇಳುವುದಿಲ್ಲ. ನಾನು ತಂದರೆ ನೀನು ತೆಗೆದುಕೊಳ್ಳುವ ಹಾಗಿಲ್ಲ.

ಕಿಟಕಿಯಿಂದ ನೋಡು. ಕಿತ್ತಳೆ-ಬಿಳಿ ಪ್ಯಾರಾಚೂಟ್ ನನ್ನದು.

ಎಲ್ಡನ್


ಪ್ಲಮ್ ಕ್ರೀಕ್
ಅಕ್ಟೋಬರ್ 9, 1999, ಮಧ್ಯಾಹ್ನ

ಅಣ್ಣಾ,

ರಾಕೆಟ್ ಹುಡುಕಿಕೊಂಡು ಬೇಲಿಯ ತನಕ ಬಂದೇ ಬರುತ್ತೀಯ ಎಂದು ಈ ಚೀಟಿಯನ್ನು ಗೇಟಿನ ಕಂಬಕ್ಕೆ ಮೊಳೆ ಹೊಡೆದು ಸಿಕ್ಕಿಸುತ್ತೇನೆ. ನಿನ್ನ ರಾಕೆಟ್ ನಮ್ಮ ಅಡುಗೆಮನೆಯಲ್ಲಿದೆ. ರೆಕ್ಕೆ ಮೂರೂ ಗಟ್ಟಿಯಾಗಿವೆ.

ನಾನೂ ಅಮ್ಮನೂ ಹಿತ್ತಲ ಮೆಟ್ಟಿಲ ಮೇಲೆ ನಿಂತಿದ್ದೆವು. ಸದ್ದು ಕೇಳಿದ ಕೂಡಲೇ ಅಮ್ಮ ನನ್ನ ತೋಳು ಹಿಡಿದಳು.

"ಹೋಯ್ತಾ?"

"ಹೋಯ್ತಮ್ಮ. ನೆಟ್ಟಗೆ ಹೋಗ್ತಿದೆ."

"ಬಂತಾ?"

"ಇನ್ನೂ ಇಲ್ಲ."

"ಬಂತೇನೇ?"

"ಇನ್ನೂ ಇಲ್ಲಮ್ಮ, ತಾಳು."

ಆಗ ಎತ್ತರದಲ್ಲಿ ಬಣ್ಣ ಬಿಚ್ಚಿಕೊಂಡಿತು. ದಕ್ಷಿಣದ ಗಾಳಿ ಅದನ್ನು ರಸ್ತೆ ದಾಟಿಸಿ, ಈಗತಾನೆ ಮೊಳೆತ ನಮ್ಮ ಗೋಧಿಯ ಮೇಲೆ ಇಳಿಸಿತು. "ಬಂತಮ್ಮ" ಅಂದೆ. ಓಡಿದೆ. ಈ ವಯಸ್ಸಿನಲ್ಲಿ, ಲಂಗ ಎತ್ತಿ ಹಿಡಿದುಕೊಂಡು. ನಿಮ್ಮ ಕ್ಲಬ್ಬಿನವರೆಲ್ಲ ದುರ್ಬೀನು ಹಾಕಿ ನೋಡುತ್ತಿದ್ದರೋ ಏನೋ.

ಪ್ಯಾರಾಚೂಟನ್ನು ಅಮ್ಮ ಮಡಿಲಿಗೆ ಹಾಕಿಕೊಂಡಳು. ಮೊದಲು ಮೂಸಿದಳು. "ಸಿಡಿಮದ್ದಿನ ವಾಸನೆ" ಅಂದಳು. ಆಮೇಲೆ ಅಂಚಿನಿಂದ ಅಂಚಿಗೆ ಮೊಳ ಹಾಕಿ ಅಳೆದಳು. ಒಂದು, ಎರಡು, ಮೂರು, ನಾಲ್ಕು. ಎದ್ದು ನಿಂತಳು.

"ಎರಡಕ್ಕೂ ಆಗತ್ತೆ ಕಣೇ" ಅಂದಳು.

ಅವಳಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು ಅಣ್ಣಾ.

ಎರಡು ಮೇಜು ಇಟ್ಟಿದ್ದೇನೆ. ನಡುವೆ ಒಂದು ಕೈ. ಮೇಲೆ ನಿನ್ನ ಪ್ಯಾರಾಚೂಟ್ ಹಾಸಿದೆ. ದಾರಗಳನ್ನೆಲ್ಲ ಕೆಳಗೆ ಇಳಿಬಿಟ್ಟಿದ್ದೇನೆ, ಕಾಲಿಗೆ ಸಿಕ್ಕಿಸಿಕೊಳ್ಳಬೇಡ. ಇದನ್ನು ನಿನ್ನ ಕೈಯಿಂದ ನಾನು ತೆಗೆದುಕೊಳ್ಳಲಿಲ್ಲ. ನಮ್ಮ ಹೊಲದಿಂದ ಎತ್ತಿಕೊಂಡೆ.

ಕಿಟಕಿಗೆ ಒಂದು ಕಣ್ಣು ಇಟ್ಟು ಬರೆಯುತ್ತಿದ್ದೇನೆ. ಯಾರೋ ಒಬ್ಬರು ರಸ್ತೆ ದಾಟುತ್ತಿದ್ದಾರೆ, ನಡಿಗೆ ಅಪ್ಪನದು. ಬಾ, ಶಾವಿಗೆ ಆರುತ್ತದೆ.

ತಿರ್ಜಾ


ಪ್ಲಮ್ ಕ್ರೀಕ್
ಅಕ್ಟೋಬರ್ 25, 1999

ಎಲ್ಡನ್ ಅಣ್ಣಾ,

ನೀನು ರಾಕೆಟ್ ತೆಗೆದುಕೊಂಡು ಹೋದೆ, ಪ್ಯಾರಾಚೂಟ್ ಮರೆತೆ. ಬೀಟ್‌ರೂಟ್ ಉಪ್ಪಿನಕಾಯಿಯ ಕಲೆ ನೀನು ಕೂತಿದ್ದ ಕಡೆ ಅಂಗೈಯಗಲ ಆಗಿದೆ. ಎರಡು ಸಲ ಒಗೆದೆ, ಹೋಗಿಲ್ಲ. ಅಮ್ಮ ನಿನ್ನ ಕೈ ಹಿಡಿದುಕೊಂಡು ಚಮಚ ನಿಲ್ಲಿಸಿದಾಗ ಚೆಲ್ಲಿದ್ದು ಅದು. ಅವಳು ನಿನ್ನ ಕೈ ನಡುಗುವ ಬಗ್ಗೆ ಇವತ್ತಿನ ತನಕ ನನ್ನ ಹತ್ತಿರ ಒಂದು ಮಾತು ಆಡಿಲ್ಲ. ಪ್ರಾರ್ಥನೆ ಮಾತ್ರ ಉದ್ದವಾಗಿದೆ.

ಪೆರಿಯವರು ಕಳೆದ ಸೋಮವಾರ ಬಂದಾಗ ಅದು ಹಗ್ಗದ ಮೇಲೆ ಹಾರುತ್ತಿತ್ತು.

"ಏನಮ್ಮ ಇದು, ಸರ್ಕಸ್ಸಿನವರು ಇಳ್ಕೊಂಡಿದಾರಾ?"

"ಎಲ್ಡನ್‌ದು ಹಿರಿಯರೇ."

"ಅವನ ಕೈಯಿಂದ ತಗೊಂಡ್ಯಾ?"

"ಇಲ್ಲ. ಹೊಲಕ್ಕೆ ಬಿತ್ತು, ಎತ್ತಿದೆ."

"ಊಟ ಮಾಡಿದನಂತೆ."

"ಮೇಜು ಎರಡಿತ್ತು. ನಡುವೆ ಒಂದು ಕೈ. ಅಳತೆಪಟ್ಟಿ ಕೊಡ್ತೀನಿ, ನೋಡ್ತೀರಾ?"

ಗಡ್ಡ ಕೆರೆದುಕೊಂಡು ಆ ಕಲೆಯನ್ನು ನೋಡಿದರು. "ಹೊಲಕ್ಕೆ ಆಲಿಕಲ್ಲು ಬಿದ್ರೆ ಯಾಕೆ ಅಂತ ನಾನು ಕೇಳೋಕಾಗಲ್ಲ, ಇದನ್ನೇನು ಕೇಳಲಿ. ಮಂಡಿಯೂರೋದು ಮಾತ್ರ ಅವನಿಗೆ ಬಾಕಿ ಇದೆ, ಹೇಳು ಅವನಿಗೆ" ಅಂದರು. ಹೇಳಿದ್ದೇನೆ. ಅದು ನಿನ್ನ ಮತ್ತು ಕರ್ತನ ನಡುವಿನ ಮಾತು. ನಾನು ನಿನ್ನನ್ನು ತಳ್ಳುವುದಿಲ್ಲ, ಪ್ರಾರ್ಥಿಸುವುದನ್ನು ಬಿಡುವುದೂ ಇಲ್ಲ.

ಪ್ಯಾರಾಚೂಟ್ ನಿನ್ನದು. ಇಟ್ಟುಕೊಂಡರೆ ನಿನ್ನ ಕೈಯಿಂದ ತೆಗೆದುಕೊಂಡ ಹಾಗಾಗುತ್ತದೆ, ಅದು ಆಗದು. ಅಂಚೆಯಲ್ಲಿ ಕಳಿಸಲು ಪೆಟ್ಟಿಗೆ ಇಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು ಯಾಕೆ, ರೆಕ್ಕೆ ಕಳಿಸುವ ಪೆಟ್ಟಿಗೆ ಅಟ್ಟದ ತುಂಬ ಇವೆ. ಕಳಿಸುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಬರುವ ದಿನ ಊಟದ ಹೊತ್ತಿಗೆ ಬಾ. ಹಾಸಲು ಬೇರೆ ಬಟ್ಟೆ ಇಲ್ಲದ್ದರಿಂದ ಅದನ್ನೇ ಹಾಸಬೇಕಾಗುತ್ತದೆ. ಮತ್ತೆ ಕಲೆಯಾದರೆ ಒಗೆಯಬೇಕಾಗುತ್ತದೆ. ಒದ್ದೆ ಬಟ್ಟೆಯನ್ನು ನಿನ್ನ ಕೈಗೆ ಕೊಟ್ಟು ಕಳಿಸಲು ಅಮ್ಮ ಒಪ್ಪುವುದಿಲ್ಲ. ಆಗ ಇನ್ನೊಂದು ಸಲ ಬರಬೇಕಾಗುತ್ತದೆ.

ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಆ ಬಿಳಿ ಬಟ್ಟೆ ಇರುತ್ತಿದ್ದ ಜಾಗದಲ್ಲಿ. ಅಮ್ಮ ದಿನಕ್ಕೊಂದು ಸಲ ಮುಚ್ಚಳ ತೆಗೆದು ಕೈ ಆಡಿಸಿ ನೋಡುತ್ತಾಳೆ. ಗೇಟಿನ ಹತ್ತಿರ ಗಾಡಿಯ ಸದ್ದಾದರೆ ತಲೆ ಎತ್ತುತ್ತಾಳೆ.

"ಬಂದ್ನೇನೇ?"

"ಇನ್ನೂ ಇಲ್ಲಮ್ಮ, ತಾಳು" ಅನ್ನುತ್ತೇನೆ.

ದಾರಿ ನೋಡುತ್ತಿರುವ ನಿನ್ನ ತಂಗಿ,
ತಿರ್ಜಾ